ಮಗುವಿನ ಹೆಸರು ಕೇಳಿದ ಆಸ್ಪತ್ರೆ

“ಮಗುವಿಗೆ ಏನು ಹೆಸರಿಟ್ಟಿದ್ದೀರಿ?” ಎಂದು ಆ ನರ್ಸ್ ಕೇಳಿದಾಗ ನನಗೇ ತಪ್ಪು ಕೇಳಿಸಿತೇನೋ ಅಂದುಕೊಂಡೆ. ಎಂಟು ತಿಂಗಳ ಮಗಳು ಹೊಟ್ಟೆಯೊಳಗೇ ತೀರಿಹೋಗಿದ್ದಳು. ಹೆರಿಗೆಯಾಗಿ ಇನ್ನೂ ಒಂದು ಗಂಟೆಯಾಗಿರಲಿಲ್ಲ. ಉಸಿರಾಡದ ಮಗುವಿನ ಹೆಸರು ಕೇಳುವವರೂ ಇರುತ್ತಾರೆಂದು ನನಗೆ ಗೊತ್ತಿರಲಿಲ್ಲ.

ನಾನು ಕತಾರಿಗೆ ಬಂದು ಆಗ ಹನ್ನೊಂದು ತಿಂಗಳು. ಗಂಡ ಇಕ್ಬಾಲ್ ಎಸಿ ರಿಪೇರಿ ಕಂಪೆನಿಯಲ್ಲಿ ಸೂಪರ್‌ವೈಸರ್. ಅಲ್ ವಕ್ರಾದ ಫ್ಲಾಟಿನಲ್ಲಿ ನಾವಿಬ್ಬರೇ. ನಮ್ಮೂರು ಉಳ್ಳಾಲದಲ್ಲಿ ಬಾಗಿಲು ತೆರೆದರೆ ನಾಲ್ಕು ಮನೆಯವರು ಮಾತಾಡಿಸುತ್ತಿದ್ದರು. ಇಲ್ಲಿ ಎದುರು ಮನೆಯವರ ಚಪ್ಪಲಿಗಳನ್ನಷ್ಟೇ ಬಲ್ಲೆ. ಅರಬಿ ಬಾರದು, ಇಂಗ್ಲಿಷ್ ಗಂಟಲಲ್ಲೇ ನಿಲ್ಲುತ್ತಿತ್ತು. ಪುಣ್ಯಕ್ಕೆ ಆ ನರ್ಸ್ ಜೆಸ್ಸಿ ಕೇರಳದವರು. ಅವರ ಮಲಯಾಳಂಗೂ ನಮ್ಮ ಮನೆಮಾತು ಬ್ಯಾರಿಗೂ ಹತ್ತಿರದ ನಂಟು. ಮಗು ಕಳೆದುಕೊಂಡ ತಂದೆತಾಯಿಯರ ಜೊತೆಗಿರುವುದೇ ಅವರ ಕೆಲಸವಂತೆ. ಅಂಥದ್ದೊಂದು ಕೆಲಸ ಇದೆಯೆಂಬುದೇ ನನಗೆ ಹೊಸದು.

ಮಗುವನ್ನು ಎತ್ತಿಕೊಳ್ಳುತ್ತೀಯಾ ಎಂದು ಅವರು ಕೇಳಿದರು. ಇಕ್ಬಾಲ್ ಬೇಡವೆಂದರು. ನನ್ನ ಉಮ್ಮನೂ, ಎಂದರೆ ಅಮ್ಮನೂ, ಊರಿನಿಂದ ಫೋನಿನಲ್ಲಿ ಅಳುತ್ತಲೇ, ನೋಡಿದರೆ ಮರೆಯಲಾಗುವುದಿಲ್ಲ, ನೋಡಬೇಡ ಎಂದರು. ಹಿಂದೆ ನನ್ನ ಅಕ್ಕನಿಗೆ ಹೀಗೇ ಆದಾಗ ಅವಳು ಎಚ್ಚರಗೊಳ್ಳುವ ಮೊದಲೇ ಗಂಡಸರು ದಫನ ಮುಗಿಸಿ ಬಂದಿದ್ದರು. ಆಮೇಲೆ ಮನೆಯಲ್ಲಿ ಯಾರೂ ಆ ಮಾತೆತ್ತಲಿಲ್ಲ. ಮಗುವಿನ ಮುಖ ಹೇಗಿತ್ತೆಂದು ಅಕ್ಕ ನನ್ನಲ್ಲಿ ಮೂರು ಸಲ ಕೇಳಿದ್ದಳು. ನಾನೂ ನೋಡಿರಲಿಲ್ಲ.

ಜೆಸ್ಸಿ ಅವಸರ ಮಾಡಲಿಲ್ಲ. “ಮೋಳೇ, ಬೇಡವಾದರೆ ಬೇಡ. ಬೇಕಾದರೆ ಎಷ್ಟು ಹೊತ್ತು ಬೇಕಾದರೂ ಇಟ್ಟುಕೊ,” ಎಂದರು. ಮೋಳೇ ಎಂದರೆ ಮಗಳೇ.

“ಕೊಡಿ,” ಅಂದೆ.

ಅವಳಿಗೆ ಇಕ್ಬಾಲರದೇ ಹುಬ್ಬು. ಬೆನ್ನು ತಿರುಗಿಸಿ ನಿಂತಿದ್ದ ಅವರು ಸ್ವಲ್ಪ ಹೊತ್ತಿಗೆ ಬಂದು ಮಂಚದ ಅಂಚಿನಲ್ಲಿ ಕುಳಿತರು. ಅವಳ ಬೆರಳು ಹಿಡಿದು, “ಸಫಾ,” ಎಂದರು. ನಾವು ಮೊದಲೇ ಆರಿಸಿಟ್ಟಿದ್ದ ಹೆಸರು. ಜೆಸ್ಸಿ ಅದನ್ನು ಬರೆದುಕೊಂಡರು, ಪುಟ್ಟ ಪಾದಗಳಿಗೆ ಶಾಯಿ ಹಚ್ಚಿ ದಪ್ಪ ಕಾಗದದಲ್ಲಿ ಅಚ್ಚು ತೆಗೆದುಕೊಟ್ಟರು. ಮರುದಿನ ಇಕ್ಬಾಲ್ ತಮ್ಮ ಗೆಳೆಯರೊಂದಿಗೆ ಹೋಗಿ ದಫನ ಮಾಡಿ ಬಂದರು.

ಮೂರನೆಯ ದಿನ ಎದೆಹಾಲು ಇಳಿಯಿತು. ಅದನ್ನು ಯಾರಲ್ಲಿ ಹೇಳಲಿ? ಜೆಸ್ಸಿಯೇ ಫೋನ್ ಮಾಡಿ ವಿಚಾರಿಸಿ, ಏನು ಮಾಡಬೇಕೆಂದು ತಿಳಿಸಿದರು. ತಿಂಗಳಿಗೊಮ್ಮೆ ಆಸ್ಪತ್ರೆಯಲ್ಲಿ ಇಂಥ ತಾಯಂದಿರು ಸೇರುತ್ತಾರೆ, ಬಾ ಎಂದರು. ಮೊದಲ ಸಲ ಬಾಯಿ ಬಿಡದೆ ಕುಳಿತು ಬಂದೆ. ಎರಡನೆಯ ಸಲ ಪಕ್ಕದಲ್ಲಿದ್ದ ಸುಡಾನಿನ ಹೆಂಗಸು ಗಂಡೋ ಹೆಣ್ಣೋ ಎಂಬಂತೆ ಏನೋ ಕೇಳಿದರು. “ಬಿಂತ್,” ಅಂದೆ, ಅರಬಿಯಲ್ಲಿ ಹೆಣ್ಣುಮಗು. ಪರರೆದುರು ನಾನಾಡಿದ ಮೊದಲ ಅರಬಿ ಮಾತು ಅದು. ಅವರು ನನ್ನ ಕೈ ಹಿಡಿದುಕೊಂಡರು.

ಕಳೆದ ರಜೆಯಲ್ಲಿ ಊರಿನ ಮದುವೆಯೊಂದರಲ್ಲಿ ನೆಂಟರೊಬ್ಬರು, ಇನ್ನೂ ಮಕ್ಕಳಾಗಿಲ್ಲವಾ ಎಂದು ಕೇಳಿದರು. ಇಲ್ಲವೆಂದು ತಲೆಯಾಡಿಸಿದೆ. ಇಲ್ಲಿ ಕತಾರಿನಲ್ಲಿ, ಆಸ್ಪತ್ರೆಯ ಆ ತಾಯಂದಿರ ನಡುವೆ, ಹಾಗೆ ಸುಳ್ಳು ಹೇಳಬೇಕಾಗಿಲ್ಲ. ಮದುವೆಮನೆಯಲ್ಲಿ ಪಕ್ಕದಲ್ಲಿದ್ದ ಉಮ್ಮ ನನ್ನನ್ನೇ ನೋಡುತ್ತಿದ್ದರು. ಕತಾರ್ ಬಿಟ್ಟು ಬಂದುಬಿಡಿ ಎಂದು ರಜೆಯುದ್ದಕ್ಕೂ ಹೇಳುತ್ತಿದ್ದವರು ಹೊರಡುವ ದಿನ ಆ ಮಾತೆತ್ತಲಿಲ್ಲ. “ಅಲ್ಲಿ ಮುಟ್ಟಿದ ಕೂಡಲೇ ಸಫಾಳಿಗೆ ನನ್ನ ಸಲಾಂ ಹೇಳು,” ಎಂದರು.

ಈಗ ಪ್ರತಿ ಶುಕ್ರವಾರ ಇಕ್ಬಾಲ್ ದಫನಭೂಮಿಯೊಳಗೆ ಹೋದಾಗ, ಹೆಂಗಸರು ಒಳಗೆ ಹೋಗುವ ರೂಢಿಯಿಲ್ಲದ್ದರಿಂದ, ನಾನು ಗೋಡೆಯ ಹೊರಗೆ ಕಾರಿನಲ್ಲಿ ಕುಳಿತು ಆ ಸಲಾಂ ಒಪ್ಪಿಸುತ್ತೇನೆ. ಊರಿನ ನೆನಪಾದರೆ ಈಗಲೂ ಕಣ್ಣು ತುಂಬುತ್ತದೆ. ಆದರೆ ಊರಿಗೇ ಹೋಗಿ ನೆಲೆಸೋಣ ಎಂದು ಇಕ್ಬಾಲ್ ಹೇಳಿದಾಗಲೆಲ್ಲ ಮಾತು ಬದಲಿಸುವವಳು ನಾನೇ.