ಬಿಳಿಪಟ್ಟೆಯ ನಿಲ್ಲಕ್ಕ

ಶಾಲೆಯ ಮುಂದಿನ ಬಿಳಿಪಟ್ಟೆಯ ಮೇಲೆ ‘ನಿಲ್ಲಿ’ ಎಂದು ಬರೆದ ಕೆಂಪು ಹಲಗೆ ಹಿಡಿದು ಮಕ್ಕಳನ್ನು ರಸ್ತೆ ದಾಟಿಸುವ ಹೆಂಗಸಿಗೆ ಮಕ್ಕಳೇ ಇಟ್ಟ ಹೆಸರು ನಿಲ್ಲಕ್ಕ. ಮ್ಯಾನೇಜರಿಗೂ ಹೆದರದ ನಾನು (ಹೆದರುತ್ತೇನೆ, ಮನೆಯಲ್ಲಿ ಹೇಳಿಲ್ಲ ಅಷ್ಟೆ) ಆಕೆಯನ್ನು ಕಂಡರೆ ಸ್ಕೂಟರಿನ ಎರಡೂ ಬ್ರೇಕು ಹಿಡಿಯುತ್ತೇನೆ. ಹಲಗೆ ಎತ್ತಿದಳೆಂದರೆ ಬಸ್ಸುಗಳು ಬಾಲ ಮುದುರುತ್ತವೆ, ಲಾರಿಗಳು ಉಸಿರು ಬಿಗಿಹಿಡಿಯುತ್ತವೆ. ಹಾರ್ನ್ ಹೊಡೆದವನಿಗೆ, “ಯಾಕಪ್ಪಾ, ನೀನು ಹುಟ್ಟಿದಾಗ್ಲೇ ಇಷ್ಟುದ್ದ ಇದ್ಯಾ?” ಎಂದು ಬಿಸಿ ಮುಟ್ಟಿಸುತ್ತಾಳೆ. ಮಕ್ಕಳಿಗೆ ದಿನವೂ ಒಂದೇ ಪಾಠ: “ಚಕ್ರ ನೋಡ್ಬೇಡ್ರೋ, ಓಡಿಸೋನ ಕಣ್ಣು ನೋಡಿ. ಅವನು ನಿಮ್ಮನ್ನ ನೋಡಿದ್ಮೇಲೇ ಕಾಲಿಡಿ.” ಹಾಗಾಗಿ ಬೆಳಗಾದರೆ ಪುಟ್ಟ ಕಣ್ಣುಗಳೆಲ್ಲ ಕಳ್ಳನನ್ನು ನೋಡಿದ ಹಾಗೆ ನನ್ನನ್ನು ದಿಟ್ಟಿಸುತ್ತವೆ, ಮೊಬೈಲಿಗೆ ಹೋದ ಕೈ ಜೇಬಿನಲ್ಲೇ ಉಳಿಯುತ್ತದೆ. ಇವತ್ತು ಕೊನೆಯ ಮಗು ಗೇಟು ಸೇರಿದ ಮೇಲೆ ನಿಲ್ಲಕ್ಕ ನನ್ನ ಹತ್ತಿರ ಬಂದು, “ತಮ್ಮಾ, ನನ್ನನ್ನ ಆಚೆ ದಾಟಿಸ್ತೀಯಾ? ಮಕ್ಕಳು ಜೊತೆಗಿದ್ರೆ ಹೆದರೋಕೆ ಪುರುಸೊತ್ತಿರಲ್ಲ. ಒಬ್ಳೇ ಆದ್ರೆ ಕಾಲೇ ಏಳಲ್ಲ” ಎಂದಳು. ನಗುತ್ತಲೇ ಗಾಡಿ ಬದಿಗೆ ಹಾಕಿ ಕೈ ಹಿಡಿದೆ. ಆಕೆ ಹಲಗೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಪಟ್ಟೆಗೆ ಕಾಲಿಟ್ಟಿದ್ದೆವಷ್ಟೆ, ಕಾರೊಂದು ನುಗ್ಗಿ ಬಂತು. ಓಡಿಸುವವನ ಕಣ್ಣು ಹುಡುಕಿದೆ. ಅವನು ತಲೆ ಬಗ್ಗಿಸಿ ಮೊಬೈಲು ನೋಡುತ್ತಿದ್ದ. ನಿಲ್ಲಕ್ಕ ನನ್ನನ್ನು ಹಿಂದಕ್ಕೆ ಎಳೆದುಕೊಂಡಳು. “ನೋಡಿದ್ಯಾ? ನಾಳೆ ಬೆಳಗ್ಗೆ ಮಕ್ಕಳು ದಾಟೋ ಹೊತ್ತಿಗೂ ಇವನು ಇದೇ ದಾರೀಲಿ ಬರ್ತಾನೆ” ಎಂದಳು.