ಖಂಡೆ ಪೂಜೆಯ ಎಕ್ಸ್-ರೇ ಮಷೀನು

ಕಲಬುರಗಿಯ ಸೇಡಂ ರಸ್ತೆಯ ಪೆಟ್ರೋಲ್ ಬಂಕಿನಲ್ಲಿ ನಳಿಕೆಯನ್ನು ಸ್ಕೂಟರಿನೊಳಕ್ಕೆ ಇಳಿಸುವ ಮುನ್ನ ಕೆಲಸದವನು "ಸರ್, ಜೀರೋ ನೋಡ್ರಿ" ಎನ್ನುತ್ತಾನೆ. ನಾನು ಶ್ರದ್ಧೆಯಿಂದ ನೋಡುತ್ತೇನೆ. ಆ ಒಂದು ಕ್ಷಣ ರಾಜ್ಯದ ಲೆಕ್ಕಪರಿಶೋಧಕನೇ ನಾನೆಂಬ ಠೀವಿ ಬರುತ್ತದೆ. ತೆರಿಗೆ ಕೊಡುವವನನ್ನು ಕರೆದು ನೋಡೆಂದು ಹೇಳುವ ಜಾಗ ಇದೊಂದೇ ಇರಬೇಕು. ಟ್ಯಾಂಕಿಗೆ ಬೀಳುವ ಹನಿಯ ಜೊತೆಜೊತೆಗೇ ಬೊಕ್ಕಸಕ್ಕೆ ಬೀಳುವ ಹನಿ ಮುಂದೆ ಎಲ್ಲಿಗೆ ಹರಿಯಿತೆಂದು ಯಾರೂ ತೋರಿಸುವುದಿಲ್ಲ, ನಾವೂ ಕೇಳುವುದಿಲ್ಲ.

ಸಂಶಯ ಪಡುವುದು ನನ್ನ ಕಸುಬು. ಕುಸನೂರಿನ ಪಕ್ಕದ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಿ, ಅದನ್ನೇ ಕಾಲೇಜಿನಲ್ಲಿ ಉಪದೇಶಿಸಿ ಹೊಟ್ಟೆ ಹೊರೆದವನು ನಾನು. ಸರ್ಕಾರಕ್ಕೆ ಎರಡು ಜೇಬುಗಳಿವೆಯೆಂದು ಮಕ್ಕಳಿಗೆ ಹೇಳುತ್ತಿದ್ದೆ. ಪೆಟ್ರೋಲು, ಮದ್ಯ, ನಿವೇಶನದ ನೋಂದಣಿ, ಸಾಬೂನು ಎಲ್ಲದರಿಂದ ಬರುವ ತೆರಿಗೆ ಒಂದು ಜೇಬಿಗೆ. ಅದರಿಂದ ಸಂಬಳ, ಪಿಂಚಣಿ, ಬಡ್ಡಿ. ಸಾಲಪತ್ರ, ಅಂದರೆ ಬಾಂಡು ಮಾರಿ ತಂದದ್ದು ಇನ್ನೊಂದು ಜೇಬಿಗೆ. ಅದರಿಂದ ಕಟ್ಟಡ, ರಸ್ತೆ, ಯಂತ್ರ. ಆ ಬಾಂಡುಗಳನ್ನು ಕೊಳ್ಳುವವರು ಬ್ಯಾಂಕುಗಳು, ವಿಮಾ ಕಂಪನಿಗಳು, ಭವಿಷ್ಯನಿಧಿಗಳು; ಅಂದರೆ ಬಳಸುದಾರಿಯಲ್ಲಿ ನಾವೇ. ಪಾಠ ಸೊಗಸಾಗಿತ್ತು. ಮಕ್ಕಳು ಆಕಳಿಸುತ್ತಿದ್ದರು.

ಆ ಪಾಠದ ಅರ್ಥ ನನಗೇ ಆದದ್ದು ಸುಮತಿ ಅಕ್ಕನ ಕೈ ನೋಡಿದಾಗ. ಭಾವ ತೀರಿಕೊಂಡ ಮೇಲೆ ಅಕ್ಕ ಕಮಲಾಪುರದಲ್ಲಿ ಖಡಕ್ ರೊಟ್ಟಿ ಬಡಿದು ಮಾರಿ ಯಾರ ಹಂಗೂ ಇಲ್ಲದೆ ಬದುಕುತ್ತಿದ್ದಳು. ಬಚ್ಚಲಲ್ಲಿ ಜಾರಿ ಬಿದ್ದಳು. ಪೆಟ್ಟಾದದ್ದು ಬಲಗೈಯ ಮಣಿಕಟ್ಟಿಗೆ, ರೊಟ್ಟಿ ಬಡಿಯುವ ಕೈಗೆ. ಊರಿನದೇ ಸರ್ಕಾರಿ ದವಾಖಾನೆಗೆ ಹೋದರೆ ಪಟ್ಟಿ ಸುತ್ತಿ, ಎಕ್ಸ್-ರೇ ತೆಗೆಯುವವರು ಗುರುವಾರ ಬರುತ್ತಾರೆಂದು ಕಳಿಸಿದರು. ಗುರುವಾರ ಅವರನ್ನು ಬೇರೆಲ್ಲಿಗೋ ಕರೆದರು. ಮುಂದಿನ ಗುರುವಾರ ಏನಾಯಿತೋ ಯಾರಿಗೂ ತಿಳಿಯಲಿಲ್ಲ. ಅಕ್ಕ ನನಗೆ ಸುದ್ದಿ ಮುಟ್ಟಿಸಲೇ ಇಲ್ಲ. ತಮ್ಮ ಬಂದು ಜಗಳ ತೆಗೆಯುತ್ತಾನೆಂಬ ಭಯ.

ಸುದ್ದಿ ಹೇಗೋ ತಿಳಿಯಿತು. ಅಕ್ಕನನ್ನು ಕರೆದುಕೊಂಡು ದವಾಖಾನೆಗೆ ಹೋದೆ, ಜಗಳವನ್ನೇ ತೆಗೆದೆ. ನರ್ಸ್ ಶಹನಾಜ್ ಬಾಯಿ ನನ್ನ ಭಾಷಣವನ್ನು ಪೂರ್ತಿ ಕೇಳಿಸಿಕೊಂಡು ಕೀಲಿ ತಂದು ಕೋಣೆ ತೆರೆದರು. ಒಳಗೆ ಯಂತ್ರ, ಬಳಕೆಯಿಲ್ಲದೆ ಹೊಚ್ಚಹೊಸದಾಗಿಯೇ ಉಳಿದದ್ದು. ಮೈಮೇಲೆ ಕುಂಕುಮದ ಸ್ವಸ್ತಿಕ, ಕೊರಳಿಗೆ ಒಣಗಿದ ಚೆಂಡುಹೂವಿನ ಮಾಲೆ, ಬುಡದಲ್ಲಿ ಕರ್ಪೂರದ ಕಲೆ.

"ಪ್ರತಿ ದಸರಾಕ್ಕ ಆಯುಧಕ್ಕ ಮಾಡಿದಂಗ ಇದಕ್ಕೂ ಖಂಡೆ ಪೂಜಾ ಮಾಡ್ತೀವ್ರಿ ಸಾಬ್," ಎಂದರು ಶಹನಾಜ್ ಬಾಯಿ. "ಕಾಯಿ ನಾನs ಒಡೀತೀನಿ. ಪೂಜಾ ತಗೋತದ, ಪ್ರಸಾದ ಕೊಡಂಗಿಲ್ಲ. ಚಲಾಯ್ಸೋ ಮನುಷ್ಯಾನ ಪೋಸ್ಟs ಮಂಜೂರ ಆಗಿಲ್ಲ, ಗುರುವಾರದವ್ರು ಬ್ಯಾರೆ ದವಾಖಾನಿಯವ್ರು, ಬಂದ್ರ ಬಂದ್ರು. ಕ್ಯಾ ಕರ್ನಾ?"

ಅಷ್ಟರಲ್ಲಿ ಅಕ್ಕ, ಕುಂಕುಮ ಹೂವು ಕಂಡ ಕೂಡಲೇ ಅಭ್ಯಾಸಬಲದಿಂದ ಕೈ ಮುಗಿಯಹೋಗಿ, "ಅವ್ವಾ" ಎಂದು ಚೀರಿದಳು. ಆ ಚೀರು ಕೇಳಿದ ಮೇಲೆ ಲಘುವಾಗಿ ಬರೆಯುವುದು ನನಗೆ ಕಷ್ಟವಾಗಿದೆ. ಬಾಂಡಿನ ಜೇಬು ಯಂತ್ರ ತಂದಿದೆ, ತೆರಿಗೆಯ ಜೇಬಿಗೆ ಮನುಷ್ಯನನ್ನು ತರಲಾಗಿಲ್ಲ. ಆದರೆ ಅದೇ ತೆರಿಗೆಯ ಜೇಬಿನಿಂದ ಆ ಸಾಲದ ಬಡ್ಡಿ ಮಾತ್ರ ತಪ್ಪದೆ ಹೋಗುತ್ತಿರುತ್ತದೆ. ಬಡ್ಡಿಗೆ ಗುರುವಾರವೆಂಬುದಿಲ್ಲ, ಅದನ್ನು ಬೇರೆಡೆಗೆ ಯಾರೂ ಕರೆಯುವುದಿಲ್ಲ. ಉದ್ಘಾಟನೆಗೆ ರಿಬ್ಬನ್ನು ಬೇಕು, ಬಂದು ಕತ್ತರಿಸುವವರು ಸಾಲುಗಟ್ಟುತ್ತಾರೆ. ಒಬ್ಬ ಮನುಷ್ಯನನ್ನು ಕೆಲಸಕ್ಕೆ ಹಚ್ಚಿದರೆ ಕತ್ತರಿಸಲು ಏನೂ ಇರುವುದಿಲ್ಲ. ಇದಕ್ಕೆ ಅಭಿವೃದ್ಧಿ ಎನ್ನುವವರ ನಾಲಿಗೆಯದೂ ಒಂದು ಎಕ್ಸ್-ರೇ ಆಗಬೇಕು.

ಅಕ್ಕನನ್ನು ಖಾಸಗಿ ಡಾಕ್ಟರಿಗೆ ತೋರಿಸಲು ಕಲಬುರಗಿಗೆ ಕರೆತರುವ ದಾರಿಯುದ್ದಕ್ಕೂ ಕುದಿಯುತ್ತಿದ್ದೆ. "ನಾ ಸಣ್ಣಾವ ಇದ್ದಾಗ ಹುಣಚಿ ಗಿಡದಿಂದ ಬಿದ್ದಿದ್ದೆ, ಇದs ಕಮಲಾಪುರದಾಗ ಫೋಟೋ ತೆಗೆದಿದ್ರು. ಕತ್ತಲಿ ಕೋಣೀ, ಉಸುರು ಹಿಡಿ ಅಂದಿದ್ದ ಅಂವಾ. ಆಗ ಇತ್ತು, ಈಗಿಲ್ಲ!" ಎಂದೆ.

"ಎಲ್ಲೀ ಮಾತೋ ರಾಘ್ಯಾ? ಲಾರಿ ಮ್ಯಾಲ ಹಾಕ್ಕೊಂಡು ಕಲಬುರ್ಗಿಗೆ ಒಯ್ದಿದ್ವಿ ನಿನ್ನ. ದಾರಿ ತುಂಬ ವಾಂತಿ ಮಾಡ್ಕೊಂಡೀ, ನನ್ನ ಹೊಸಾ ಲಂಗದ ಮ್ಯಾಲ," ಎಂದಳು ಅಕ್ಕ, ಆ ನೋವಿನಲ್ಲೂ ನಗುತ್ತ.

ನನ್ನ ನೆನಪು ಇಂಥದ್ದು. ಇಲ್ಲದ ಸೌಕರ್ಯವನ್ನು ಕಟ್ಟಿ, ಸಿಬ್ಬಂದಿಯನ್ನೂ ನೇಮಿಸಿಬಿಡುತ್ತದೆ. ಸುವರ್ಣಯುಗವೊಂದು ಹಾಳಾಯಿತೆಂದು ಸಿಟ್ಟಾಗಿದ್ದ ನನಗೆ, ಆ ಯುಗ ಬಂದೇ ಇರಲಿಲ್ಲವೆಂದು ತಿಳಿದಾಗ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ. ಕಳೆದುಕೊಂಡದ್ದಕ್ಕೆ ಅತ್ತು ಸಮಾಧಾನ ಪಡಬಹುದು. ತಲೆಮಾರುಗಳಿಂದ ಬೆಲೆ ತೆತ್ತೂ ಇನ್ನೂ ಪಡೆಯದೇ ಇರುವುದಕ್ಕೆ ಏನು ಮಾಡುವುದು?

ಸೇಡಂ ರಸ್ತೆಯ ಖಾಸಗಿ ಡಾಕ್ಟರು ಎಕ್ಸ್-ರೇ ತೆಗೆಸಿ ನೋಡಿ, ಎಲುಬು ಸೊಟ್ಟಗೆ ಕೂಡತೊಡಗಿದೆಯೆಂದರು. ಮತ್ತೆ ಮುರಿದು ಕೂಡಿಸಿಕೊಳ್ಳಲು ಅಕ್ಕ ಒಪ್ಪಲಿಲ್ಲ. ಕೈ ನಡೆಯುತ್ತದೆ, ಆದರೆ ಪೂರ್ತಿ ತಿರುಗುವುದಿಲ್ಲ.

ಪಟ್ಟಿ ಬಿಚ್ಚಿದ ಮೇಲೊಮ್ಮೆ ಕಮಲಾಪುರಕ್ಕೆ ಹೋದಾಗ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಅಂಚು ಹರಿಯಿತು. ಮತ್ತೆ ಉಂಡೆ ಮಾಡಿ ಬಡಿದಳು, ಮತ್ತೆ ಹರಿಯಿತು. ನೋಡಲಾರದೆ ನಾನು ಬಲ್ಲ ಒಂದೇ ಕೆಲಸ ಮಾಡಿದೆ, ಪಾಠ: ಯಂತ್ರದ ಸಾಲದೊಳಗೆ ಅವಳ ವಿಮೆಯ ಕಂತೂ ಸೇರಿರಬಹುದು, ಬಡ್ಡಿಯೊಳಗೆ ಅವಳು ಕೊಳ್ಳುವ ಸಾಬೂನಿನ ತೆರಿಗೆಯೂ.

ಅಕ್ಕ ಆಕಳಿಸಲಿಲ್ಲ. "ಸಾಲಾ ಕೊಟ್ಟಾಕಿ ನಾ, ಬಡ್ಡಿ ಕಟ್ಟಾಕಿನೂ ನಾ. ಹಂಗಾರ ಆ ಮಷೀನ್ ಯಾರದೋ?"

ಇಷ್ಟು ವರ್ಷದ ತರಗತಿಗಳಲ್ಲಿ ಯಾರೂ ಇದನ್ನು ಕೇಳಿರಲಿಲ್ಲ. "ನಿಂದs ಅನ್ಬೇಕು," ಎಂದೆ.

ಅವಳು ಎಡಗೈಯಿಂದ ಹಿಟ್ಟು ತೊಳೆದುಕೊಂಡು ಎದ್ದಳು. "ನಡಿ, ದವಾಖಾನಿಗೆ."

"ಈಗ ಹೋಗಿ ಏನ್ ಮಾಡ್ತೀ ಅಕ್ಕಾ? ಎಲುಬು ಕೂಡಿ ಹೋಗ್ಯದ."

"ನನ್ನ ಎಲುಬಿನ ಸಲುವಾಗಿ ಅಲ್ಲೋ ಶಾಣ್ಯಾ. ನಾಳೆ ಮತ್ತ್ಯಾರರೆ ಬೀಳ್ತಾರ. ಓಣಿ ಹೆಣ್ಮಕ್ಕಳನ್ನೂ ಕರೀತೀನಿ. ಚಲಾಯ್ಸೋ ಮನುಷ್ಯಾ ಬರೋ ತನಕ ಬಾಗಲದಾಗ ಕೂಡ್ತೀವಿ. ನೀ ಭಾಷಣ ಮಾಡಬ್ಯಾಡ. ಒಳಗ ಹೋಗಿ ಡಾಕ್ಟರ್‌ಗ ಇಷ್ಟs ಹೇಳು: ಮಾಲಕರು ಬಂದಾರ."