ಬಟ್ಟಲ ತುಂಬ ಚಹಾ

ನನ್ನ ತಂಗಿ ಸೈರಾಗುಲ್ ಮನಸ್ಸು ರಿಪೇರಿ ಮಾಡುವವಳು. ನಮ್ಮ ಬೆಟ್ಟದ ಊರು ನಾರಿನ್‌ನ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ಸೂಜಿ ಚುಚ್ಚಿ ಸಾಕಾಗಿ, ಈ ಚಳಿಗಾಲ ರಾಜಧಾನಿ ಬಿಷ್ಕೆಕ್‌ಗೆ ಹೋಗಿ, ಆಘಾತವಾದವರನ್ನು ಸರಿಮಾಡುವ ಹೊಸ ವಿದ್ಯೆ ಕಲಿಯತೊಡಗಿದಳು. ಕಲಿಸುವ ಗುರುಗಳು ಯಾವುದೋ ದೂರದೇಶದವರು. ಹಿಮ ಕುಸಿಯುವುದನ್ನು ಕಂಡವರಲ್ಲ. ಆದರೆ ಹಿಮ ಕುಸಿದಾಗ ಮನುಷ್ಯನ ತಲೆಯೊಳಗೆ ಏನಾಗುತ್ತದೆಂದು ಗೋಡೆಯ ಮೇಲೆ ಬಣ್ಣದ ಚಿತ್ರ ತೋರಿಸುತ್ತಾರಂತೆ. ನಾನು ವ್ಯಾನ್ ಓಡಿಸುವವನು, ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನು. ನನಗೇನು ತಿಳಿಯುತ್ತದೆ!

ಪಾಸಾಗಲು ಅವಳಿಗೊಬ್ಬ ರೋಗಿ ಬೇಕಿತ್ತು. ನನ್ನ ಗೆಳೆಯ ಒಮುರ್ಜಾಕ್ ಸಿದ್ಧವಾಗಿಯೇ ಇದ್ದ. ಹೋದ ವರ್ಷ ಹಿಮ ಕುಸಿದು ಕಣ್ಣೆದುರೇ ಅವನ ತಮ್ಮನನ್ನು ನುಂಗಿತ್ತು. ಅಂದಿನಿಂದ ಹೆಂಡತಿಯೊಡನೆಯೂ ಮಾತಿಲ್ಲ, ನಾಯಿಯೊಡನೆಯೂ ಮಾತಿಲ್ಲ. ಬೇಸಿಗೆಗೆ ಊರಿನ ಮಂದೆಯನ್ನು ಬೆಟ್ಟದ ಮೇಲಕ್ಕೆ ಹೊಡೆಯುವುದೇ ಅವನ ಅನ್ನ. ಕೂಗಲಾರದ ಕುರುಬನ ಕೈಗೆ ಕುರಿ ಯಾರು ಕೊಡುತ್ತಾರೆ?

ತಂಗಿ ಊರಿಗೆ ಬಂದಾಗ ನಮ್ಮ ಮನೆಯಲ್ಲೇ ಚಿಕಿತ್ಸೆ ಶುರುವಾಯಿತು. ಅವಳು ಬಟ್ಟಲ ಅಂಚಿನವರೆಗೂ ಬಿಸಿ ಚಹಾ ಹುಯ್ದು ಅವನ ಕೈಗಿಟ್ಟಳು.

“ಒಮುರ್ಜಾಕಣ್ಣ, ಎರಡೂ ಕೈಲಿ ಹಿಡ್ಕೊ. ಬಿಸಿ ಗೊತ್ತಾಗ್ತಿದ್ಯಾ? ಭಾರ ಗೊತ್ತಾಗ್ತಿದ್ಯಾ?”

ಗುರುಗಳ ಪಾಠವಂತೆ. ನಮ್ಮಲ್ಲಿ ಅತಿಥಿಗೆ ಅರ್ಧರ್ಧ ಬಟ್ಟಲೇ ಹುಯ್ಯುತ್ತಾ ಕೂರಿಸಿಕೊಳ್ಳುತ್ತಾರೆ. ತುಂಬಿಸಿ ಕೊಟ್ಟರೆ, ಕುಡಿದು ಜಾಗ ಖಾಲಿ ಮಾಡು ಎಂದರ್ಥ. ಇದೇ ಮನೆಯಲ್ಲಿ ಹುಟ್ಟಿದ ಪಂಡಿತೆಗೆ ಅಷ್ಟೂ ಮರೆತುಹೋಗಿತ್ತು.

“ಹಾಳಾದೋಳೆ, ಏನೇ ಮಾಡ್ದೆ!” ಎಂದು ಅಮ್ಮ ಬಾಯಿ ಬಡಿದುಕೊಂಡಳು.

“ಮನೆಗೆ ಬಂದೋನ್ನ ಓಡ್ಸೋದು ಯಾವ ದೇಶದ ಔಷಧಿನೇ?” ಎಂದು ನಾನೂ ಗದರಿದೆ.

ಒಮುರ್ಜಾಕನ ಮುಖ ಕೆಂಪೇರಿತು. ಬಟ್ಟಲನ್ನು ಕುಕ್ಕಿ ಎದ್ದು ನಿಂತ.

“ಹೋಗು ಅಂತ ಬಾಯಲ್ಲೇ ಹೇಳ್ಬಹುದಿತ್ತಲ್ಲ! ಇನ್ನೂ ರೊಟ್ಟಿ ಸೈತ ಮುರ್ದಿಲ್ಲ ನಾನು! ನನ್ ತಮ್ಮ ಇದ್ದಿದ್ರೆ ಹಿಂಗ್ ಮಾಡ್ತಿದ್ರಾ?”

‘ತಮ್ಮ’ ಎಂದದ್ದೇ, ನಿಂತಲ್ಲೇ ಕುಸಿದು ಕೂತ. ಅಮ್ಮ ಚೆಲ್ಲಿದ ಚಹಾ ಒರೆಸಿ, ಕೆಟಲನ್ನು ತಂಗಿಯ ಕೈಗೆ ತುರುಕಿದಳು.

“ಅರ್ಧ ಹುಯ್ಯಿ. ಬಾಯ್ ಮುಚ್ಕೊಂಡ್ ಹುಯ್ಯಿ.”

ಅವಳು ಹುಯ್ದಳು. ಅವನು ಒಂದಿಷ್ಟು ಹೇಳಿದ: ಹಗ್ಗ, ಕೈಗವಸು, ಜಾರಿದ ಕೈ. ಬಟ್ಟಲು ಚಾಚಿದ. ಅವಳು ಮತ್ತೆ ಅರ್ಧ ಹುಯ್ದಳು, ಅವನು ಮತ್ತೊಂದಿಷ್ಟು ಹೇಳಿದ. ಚಹಾ ನೀರಾದರೂ ಮಾತು ಮುಗಿಯಲಿಲ್ಲ.

ತುಂಬಿದ ಬಟ್ಟಲಿನ ಮಹಿಮೆಯೆಂದು ಗುರುಗಳು ಎಲ್ಲರೆದುರು ಹೊಗಳಿದರಂತೆ. ತಂಗಿ ಪಾಸು. ಈಗ ಒಮುರ್ಜಾಕ್ ಮಂದೆಯ ಹಿಂದೆ ಕೂಗುವುದು ಕಣಿವೆಗೆಲ್ಲ ಕೇಳುತ್ತದೆ. ಆದರೆ ಸೈರಾಗುಲ್ ಚಹಾ ಕೊಟ್ಟರೆ ಮಾತ್ರ, ಮೊದಲು ಬಟ್ಟಲೊಳಗೆ ಬಗ್ಗಿ ನೋಡಿಯೇ ಕೂರುತ್ತಾನೆ.